ಕಲ್ಲಡ್ಕಕ್ಕೆ ತಲುಪದ ಒಳ್ಳೆಯ ಮಾತು

ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರಿಗೆ, ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಏಳು ಕುರ್ಚಿಗಳ ಒಂದು ಆಫೀಸು. ಆಸ್ಪತ್ರೆಗಳಿಂದ ಬರುವ ವಿಮೆಯ ಅರ್ಜಿಗಳನ್ನು ಪರಿಶೀಲಿಸುವುದು ಅಲ್ಲಿಯ ಕೆಲಸ. ಏಳು ಕುರ್ಚಿಗಳಲ್ಲಿ ದಿನವೂ ತುಂಬುತ್ತಿದ್ದದ್ದು ಒಂದೇ, ಮೇಲ್ವಿಚಾರಕಿ ನೀಲಾವತಿಯದು.

ಉಳಿದ ಆರು ಜನರಿಗೆ ಮನೆಯಿಂದ ಕೆಲಸ, ತಿಂಗಳಿಗೆ ಎರಡು ದಿನ ಮಾತ್ರ ಆಫೀಸು. ಯಾವ ದಿನ ಬರುವುದೆಂಬುದು ಅವರವರ ಇಷ್ಟ. ಏಳು ತಿಂಗಳ ಹಿಂದೆ ಶುರುವಾದ ಈ ಪದ್ಧತಿಗೆ ಕಂಪೆನಿ ಹೈಬ್ರಿಡ್ ಎಂದು ಹೆಸರಿಟ್ಟಿತ್ತು. ನೀಲಾವತಿಗೆ ಅಲ್ಲಿಯವರೆಗೆ ಗೊತ್ತಿದ್ದ ಹೈಬ್ರಿಡ್ ಎಂದರೆ ತೆಂಗಿನ ಸಸಿ ಮಾತ್ರ. ಹೊಸ ಪದ್ಧತಿಗೆ ತರಬೇತಿ ಇದೆ, ಮೇಲ್ವಿಚಾರಕರು ಬನ್ನಿ ಎಂದು ಮಂಗಳೂರಿನಿಂದ ಎರಡು ಸಲ ಪತ್ರ ಬಂದಾಗ ಆಕೆ ಮೂಗು ಮುರಿದಿದ್ದಳು. ಇಪ್ಪತ್ತಮೂರು ವರ್ಷ ಜನರಿಂದ ಕೆಲಸ ಮಾಡಿಸಿದವಳಿಗೆ ಇನ್ನೇನು ಕಲಿಸುವುದು?

ಆಕೆಯ ವಿದ್ಯೆಯೆಲ್ಲ ಕಣ್ಣಿನಲ್ಲಿತ್ತು. ಬಂದವರು ಮೇಜಿನ ಮೇಲೆ ಚೀಲ ಇಡುವ ರೀತಿ ನೋಡಿಯೇ ಯಾರಿಗೆ ಮೈ ಸರಿಯಿಲ್ಲ, ಯಾರ ಮನೆಯಲ್ಲಿ ಜಗಳ ಎಂದು ಹೇಳಿಬಿಡುತ್ತಿದ್ದಳು. ಈಗ ಬೆಳಗ್ಗಿನ ಸಭೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಕಾಣುತ್ತಿದ್ದದ್ದು ಹೆಸರು ಬರೆದ ಕಪ್ಪು ಚೌಕಗಳು. ಚೌಕದ ಮುಖ ನೋಡಿ ಏನು ತಿಳಿಯುತ್ತದೆ? ಹಾಗಾಗಿ ಫೋನು ಶುರುವಾಯಿತು. ಹನ್ನೊಂದಕ್ಕೆ, "ಎಲ್ಲಿದ್ದೀ?" ಮೂರಕ್ಕೆ, "ಕಂಪ್ಯೂಟರಿನಲ್ಲಿ ನಿನ್ನ ಹೆಸರಿನ ಪಕ್ಕ ಹಸಿರು ದೀಪ ಕಾಣುದಿಲ್ಲ, ಯಾಕೆ?"

ಮನೆಯಲ್ಲಿದ್ದವರಿಗೆ ಅದು ಬರೀ ಸಂಶಯ. ನಿಜ ಹೇಳಬೇಕೆಂದರೆ ಅರ್ಧ ಸಂಶಯ, ಅರ್ಧ ಒಂಟಿತನ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಮುಚ್ಚಳದ ಸದ್ದು ಇಡೀ ಕೋಣೆಗೆ ಕೇಳಿಸುತ್ತಿತ್ತು. ಹಿಂದೆ ಅದೇ ಹೊತ್ತಿಗೆ ಏಳು ಮನೆಯ ಸಾರು ಒಂದೇ ಮೇಜಿನ ಮೇಲೆ ಕೈ ಬದಲಾಗುತ್ತಿತ್ತು. ಆಕೆಗೆ ಊಟವೇ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಬುಧವಾರ ಜಸ್ನಾಳ ಪತ್ರ ಬಂತು. ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಎರಡೇ ಸಾಲು. ಜಸ್ನಾ ಕಲ್ಲಡ್ಕದವಳು. ಆರು ವರ್ಷದ ಹಿಂದೆ ನೀಲಾವತಿಯೇ ಪಕ್ಕದಲ್ಲಿ ಕೂರಿಸಿ ಕೆಲಸ ಕಲಿಸಿದ ಹುಡುಗಿ. ಏಳು ಜನರಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿಲ್ಲ. ಶುಕ್ರವಾರದೊಳಗೆ ನೀಲಾವತಿ ರುಜು ಹಾಕಿ ಆ ಪತ್ರವನ್ನು ಮೇಲಕ್ಕೆ ಕಳಿಸಬೇಕಿತ್ತು. ಆಕೆಯ ಕೈಯೇ ಬರಲಿಲ್ಲ.

ಬುತ್ತಿ ಹಿಡಿದುಕೊಂಡು ಎದುರು ಬಾಗಿಲಿಗೆ ಹೋದಳು. ಅಲ್ಲಿ ಮೈಮೂನಮ್ಮನ ಟೈಲರಿಂಗ್ ಅಂಗಡಿ.

"ನೋಡಿ ಮೈಮೂನಮ್ಮ, ಜಸ್ನಾ ಕೆಲಸ ಬಿಡ್ತಾಳಂತೆ. ಮನೆಯಲ್ಲಿ ಕೂತು ಕೆಲಸ ಮಾಡುದು ಅಂದ್ರೆ ಹೀಗೆ. ದೂರ ಇದ್ದವರನ್ನು ಹಿಡಿದಿಟ್ಟುಕೊಳ್ಳುದು ಆಗುವ ಮಾತಲ್ಲ."

ಮೈಮೂನಮ್ಮ ಹೊಲಿಗೆ ಯಂತ್ರ ನಿಲ್ಲಿಸಿದರು. "ನನ್ನ ಹತ್ತಿರವಾ ಹೇಳುದು ನೀನು? ನಮ್ಮವರು ಇಪ್ಪತ್ತಾರು ವರ್ಷ ಸೌದಿಯ ದಮಾಮಿನಲ್ಲಿದ್ರು. ಸಂಸಾರ ಬಿಟ್ಟುಹೋಯ್ತಾ?"

"ಅದು ಗಂಡ ಹೆಂಡತಿ. ಇದು ಆಫೀಸು."

"ಎಲ್ಲಿದ್ರೂ ಮನುಷ್ಯರೇ ಅಲ್ವಾ ಮಾರಾಯ್ತಿ? ಸುರುವಿಗೆ ನಾನೂ ತಪ್ಪು ಮಾಡಿದ್ದೇನೆ. ಅವರ ಫೋನು ಬಂದ ಕೂಡಲೇ ಮನೆಯ ಮಾಡು ಸೋರ್ತದೆ, ಮಗುವಿಗೆ ಜ್ವರ, ಬರೀ ಇದೇ. ಒಂದು ದಿನ ಅವರು ಕೇಳಿದ್ರು, ಅಲ್ಲಿ ಒಳ್ಳೆಯದು ಏನೂ ಆಗುದೇ ಇಲ್ವಾ ಅಂತ. ಆಮೇಲೆ ನಾವೊಂದು ಕ್ರಮ ಮಾಡಿಕೊಂಡೆವು. ಶುಕ್ರವಾರದ ಫೋನಿನಲ್ಲಿ ಮೊದಲ ಐದು ನಿಮಿಷ ಕಷ್ಟ ಹೇಳ್ಲಿಕ್ಕಿಲ್ಲ. ಮನೆಯಲ್ಲಿ ಏನೇ ತೀರ್ಮಾನ ಆದ್ರೂ ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗ್ಲಿಕ್ಕಿಲ್ಲ. ಅವರೂ ಅಷ್ಟೇ. ಮೈ ಸರಿ ಇಲ್ಲದಿದ್ರೆ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ಬೇಕು."

ಮತ್ತೆ ಮೆಲ್ಲಗೆ ಕೇಳಿದರು. "ಜಸ್ನಾನಿಗೆ ನೀನು ಒಂದು ಒಳ್ಳೆಯ ಮಾತು ಹೇಳಿ ಎಷ್ಟು ಸಮಯ ಆಯ್ತು?"

"ದಿನಾ ಹೇಳ್ತೇನೆ! ನಿನ್ನೆಯೂ ನಮ್ಮ ಆಫೀಸಿನ ಉಜ್ವಲ್ ಬಂದಿದ್ದ. ಜಸ್ನಾನ ಕೆಲಸ ನೋಡಿ ಕಲಿ ಅಂತ ಅವನಿಗೆ ಹೇಳಿದೆ."

"ಅದು ಉಜ್ವಲ್‌ಗೆ ಹೇಳಿದ್ದು. ಜಸ್ನಾನಿಗೆ?"

ನಮ್ಮ ಊರಿನ ಅಭ್ಯಾಸ ನಿಮಗೇನು ಹೊಸತಲ್ಲ. ಬೈಯುವುದಾದರೆ ಮುಖಕ್ಕೆ, ಹೊಗಳುವುದಾದರೆ ಬೆನ್ನ ಹಿಂದೆ. ಎದುರಿಗೆ ಹೊಗಳಿದರೆ ದೃಷ್ಟಿ ತಾಗುತ್ತದೆ, ತಲೆಗೆ ಏರುತ್ತದೆ, ಹೊಗಳಿದವರಿಗೂ ಎಂಥದೋ ನಾಚಿಕೆ. ಅದಕ್ಕೆ ಪಕ್ಕದವರ ಕಿವಿಯಲ್ಲಿ ಹೇಳಿ ಬಿಡುತ್ತೇವೆ. ಎಲ್ಲರೂ ಒಂದೇ ಕೋಣೆಯಲ್ಲಿದ್ದ ಕಾಲಕ್ಕೆ ಆ ಮಾತು ಚಹಾ ಆರುವ ಮೊದಲೇ ಸೇರಬೇಕಾದ ಕಿವಿಗೆ ಸೇರುತ್ತಿತ್ತು. ಈಗ ಬೈಗುಳ ಮಾತ್ರ ಫೋನಿನಲ್ಲಿ ನೆಟ್ಟಗೆ ಹೋಗುತ್ತಿತ್ತು, ಒಳ್ಳೆಯ ಮಾತು ಬಿ.ಸಿ.ರೋಡಿನಲ್ಲೇ ಉಳಿಯುತ್ತಿತ್ತು.

ನೀಲಾವತಿ ಮೊಬೈಲು ತೆಗೆದು ಜಸ್ನಾಳಿಗೆ ಕಳಿಸಿದ ಸಂದೇಶಗಳನ್ನು ಹಿಂದಕ್ಕೆ ಓದಿದಳು. "ನಾಲ್ಕನೇ ಪುಟ ತಪ್ಪು." "ಯಾಕೆ ತಡ?" "ಕ್ಯಾಮೆರಾ ಹಾಕು." "ಪುನಃ ತಪ್ಪು." ಏಳು ತಿಂಗಳಲ್ಲಿ ಒಂದೂ ಒಳ್ಳೆಯ ಮಾತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಜಸ್ನಾಳಿಗೆ ಕರೆ ಮಾಡಿದಳು. ಅದೇ ಕಪ್ಪು ಚೌಕ.

"ಕ್ಯಾಮೆರಾ ಬೇಡ ಜಸ್ನಾ, ಹಾಗೇ ಕೇಳು. ಡಯಾಲಿಸಿಸ್‌ನವರ ನಲವತ್ತು ಅರ್ಜಿ ವಾಪಸು ಬಂದಿತ್ತಲ್ಲ, ನೀನು ಒಂದೊಂದನ್ನೂ ಕೂತು ಓದಿ ಸರಿ ಮಾಡಿದೆ. ಅದು ನನ್ನಿಂದಲೂ ಆಗ್ತಿರ್ಲಿಲ್ಲ. ಇದನ್ನು ನಾನು ಎಲ್ಲರ ಹತ್ತಿರ ಹೇಳಿದ್ದೇನೆ, ನಿನ್ನನ್ನು ಬಿಟ್ಟು. ತಪ್ಪಾಯ್ತು."

ನೀಲಾವತಿ ಧ್ವನಿ ಹೆಚ್ಚು ಮಾಡಿ ಪರದೆಯ ಹತ್ತಿರ ಬಾಗಿದಳು.

"ನಾನು ಬೇಡ ಆಗಿದ್ದೇನೆ ಅಂತ ಎಣಿಸಿದ್ದೆ ಮೇಡಂ," ಎಂದಳು ಜಸ್ನಾ. "ಅರ್ಜಿಯ ಹೊಸ ನಮೂನೆ ನೀವೆಲ್ಲ ಚಹಾ ಕುಡಿಯುವಾಗ ತೀರ್ಮಾನ ಮಾಡಿದ್ದು. ನನಗೆ ಗೊತ್ತಾದದ್ದು ಹತ್ತು ದಿನ ಬಿಟ್ಟು. ನಾಲ್ಕನೇ ಪುಟ ತಪ್ಪಿದ್ದು ಅದಕ್ಕೇ."

"ಕೇಳ್ಬಹುದಿತ್ತಲ್ಲ ನೀನು?"

"ಕೇಳ್ಬಹುದಿತ್ತು. ಕೇಳದ್ದು ನನ್ನ ತಪ್ಪು. ಇಲ್ಲಿ ನೆಟ್‌ವರ್ಕ್ ಸಿಗುದು ಟೆರೇಸಿನ ಮೆಟ್ಟಿಲಿನಲ್ಲಿ ಮಾತ್ರ. ವಿಡಿಯೋ ಹಾಕಿದ್ರೆ ಧ್ವನಿ ನಿಲ್ತದೆ. ಅದನ್ನೂ ನಾನು ಹೇಳ್ಲಿಲ್ಲ. ಇಡೀ ದಿನ ಮೆಟ್ಟಿಲಿನಲ್ಲಿ ಒಬ್ಬಳೇ ಕೂತು ನನಗೆ ಮಾತಾಡುದೇ ಮರೆತುಹೋಗಿದೆ."

"ನನಗೂ ಇಲ್ಲಿ ಹಾಗೆಯೇ," ಎಂಬ ಮಾತು ನೀಲಾವತಿಯ ಬಾಯಿಂದ ತಾನಾಗಿ ಬಂತು. ಇಬ್ಬರ ನಡುವೆ ಇದ್ದದ್ದು ಕಾಲು ಗಂಟೆಯ ಬಸ್ಸಿನ ದಾರಿ. ಏಳು ತಿಂಗಳು ಇಬ್ಬರೂ ಅದರ ಎರಡು ತುದಿಯಲ್ಲಿ ಒಬ್ಬೊಬ್ಬರೇ ಕೂತು ಕೊರಗಿದ್ದರು.

ಪತ್ರ ವಾಪಸು ತೆಗೆದುಕೊ ಎಂದು ನೀಲಾವತಿ ಕೇಳಿದಾಗ ಜಸ್ನಾ ತಕ್ಷಣ ಒಪ್ಪಲಿಲ್ಲ. "ಕೊನೆಯ ದಿನದವರೆಗೆ ನೋಡುವ ಮೇಡಂ," ಎಂದಳು, ಅಷ್ಟೇ. ಅಲ್ಲಿಯವರೆಗೆ ಪತ್ರ ತಡೆಹಿಡಿಯಲು ನೀಲಾವತಿ ಮಂಗಳೂರಿನಿಂದ ಅನುಮತಿ ಪಡೆದಳು.

ನೀಲಾವತಿ ಮರುವಾರವೇ ಮಂಗಳೂರಿಗೆ ಹೋಗಿ ತರಬೇತಿಯಲ್ಲಿ ಕೂತಳು, ಮುಂದಿನ ಸಾಲಿನಲ್ಲಿ. ಮಂಗಳವಾರ ಏಳೂ ಜನ ಆಫೀಸಿಗೆ ಬರುವುದೆಂದು ಎಲ್ಲರೂ ಸೇರಿ ನಿರ್ಧರಿಸಿದರು. ಚಹಾದ ಹೊತ್ತಿನಲ್ಲಿ ಏನು ತೀರ್ಮಾನವಾದರೂ ಲೋಟ ತೊಳೆಯುವ ಮೊದಲು ಮೊಬೈಲಿನ ಆಫೀಸು ಗುಂಪಿನಲ್ಲಿ ಬರೆಯಬೇಕು. ಹಸಿರು ದೀಪ ಕಾಯುವುದನ್ನು ನೀಲಾವತಿ ಬಿಟ್ಟಳು, ಮುಗಿದ ಕೆಲಸ ನೋಡಿದಳು. ವಾರಕ್ಕೊಮ್ಮೆ ಒಬ್ಬೊಬ್ಬರಿಗೂ ಕಾಲು ಗಂಟೆ ಫೋನು, ಮೊದಲು ಕ್ಷೇಮ ಸಮಾಚಾರ, ಆಮೇಲೆ ಅರ್ಜಿ. ಜಸ್ನಾಳೂ ಕಲಿತಳು. ಏನು ಮುಗಿಯಿತು, ಎಲ್ಲಿ ಸಿಕ್ಕಿಬಿದ್ದಿದ್ದೇನೆ, ಯಾರ ಸಹಾಯ ಬೇಕು ಎಂದು ಸಂಜೆ ಬರೆಯತೊಡಗಿದಳು. ಎರಡು ದಿನ ಮರೆತಳು, ನೀಲಾವತಿ ಒಂದು ದಿನ ಹಳೆಯ ಚಾಳಿಯಂತೆ "ಎಲ್ಲಿದ್ದೀ?" ಎಂದು ಗದರಿಯೂ ಬಿಟ್ಟಳು. ಅಭ್ಯಾಸ ಬಿಡುವುದು ಸುಲಭವೇ?

ತಿಂಗಳ ಕೊನೆಯ ದಿನ ಗುರುವಾರ. ನೀಲಾವತಿ ಒಬ್ಬಳೇ ಇದ್ದಳು. ಬೆಳಗ್ಗಿನಿಂದ ಯಾವ ಕೆಲಸದಲ್ಲೂ ಮನಸ್ಸಿಲ್ಲ. ನಾಲ್ಕು ಗಂಟೆಗೆ, ಎಲ್ಲರೂ ಓದುವ ಗುಂಪಿನಲ್ಲಿ, ಜಸ್ನಾಳ ಸಂದೇಶ ಬಂತು.

"ನಾನು ಕೆಲಸ ಬಿಡುವುದಿಲ್ಲ. ನನಗೆ ಈ ಕೆಲಸ ಕಲಿಸಿದ್ದು ನೀಲಾವತಿ ಮೇಡಂ, ಅವರಷ್ಟು ತಾಳ್ಮೆಯಿಂದ ಯಾರೂ ಕಲಿಸಿಲ್ಲ. ಆರು ವರ್ಷದಿಂದ ನಮ್ಮ ಮನೆಯಲ್ಲಿ ಇದನ್ನು ಹೇಳುತ್ತಿದ್ದೇನೆ. ಅವರಿಗೆ ಹೇಳಿದ್ದು ಇವತ್ತೇ."

ನೀಲಾವತಿ ಖಾಲಿ ಕೋಣೆಯಲ್ಲಿ ಅದನ್ನು ಮೂರು ಸಲ ಓದಿದಳು. ಇಪ್ಪತ್ತಮೂರು ವರ್ಷದಲ್ಲಿ ಆಕೆಗೂ ಯಾರೂ ಹೀಗೆ ಹೇಳಿರಲಿಲ್ಲ.

ಓದುತ್ತಿರುವ ನೀವು ಹತ್ತು ಜನರ ಮೇಲಿನವರಿರಬಹುದು, ಇಲ್ಲವೇ ಮನೆಯ ಮೂಲೆಯಲ್ಲಿ ಒಬ್ಬರೇ ಕೂತು ದುಡಿಯುವವರಿರಬಹುದು. ದೂರದಿಂದ ಕೆಲಸ ಮಾಡಿಸುವುದೂ ವಿದ್ಯೆ, ದೂರದಿಂದ ಕೆಲಸ ಮಾಡುವುದೂ ವಿದ್ಯೆ. ಎರಡನ್ನೂ ಯಾವ ವಯಸ್ಸಿನಲ್ಲೂ ಕಲಿಯಬಹುದು. ತರಬೇತಿಗೆ ಕರೆದರೆ ಹೋಗಿ. ಕಷ್ಟವಿದ್ದರೆ ಬಾಯಿ ಬಿಟ್ಟು ಹೇಳಿ. ಎಲ್ಲರ ಬಳಿ ನೀವು ಹೊಗಳುವ ಒಬ್ಬರು ನಿಮಗೂ ಇದ್ದೇ ಇರುತ್ತಾರೆ. ಈ ಕಾಗದ ಮಡಚಿಟ್ಟು ಅವರಿಗೆ ಈಗಲೇ ಫೋನು ಮಾಡಿ, ಆ ಮಾತನ್ನು ಅವರಿಗೇ ಹೇಳಿ.