ಹೊಕ್ಕುಳಬಳ್ಳಿ ಕೊಯ್ಯದವಳು

"ಮೆಟ್ಟಿಲು ಹತ್ತಬೇಡ ಅಂದ್ನಲ್ಲೇ ಮುಂಡೇದೆ! ಸೀರೆ ಬದಲಾಯಿಸ್ಕೊಂಡ್ರೆ ಜಾತಿನೂ ಬದಲಾಗ್ತದಾ?"

ಮನೆಯೊಡತಿ ಮಾಲ್ಕಿನ್ ಎಸೆದ ಹಿತ್ತಾಳೆ ಚೊಂಬು ಸೋನ್‌ಮತಿಯ ಮೊಣಕಾಲಿಗೆ ಬಡಿದು ಅಂಗಳದಲ್ಲಿ ಉರುಳಿತು. ನೀರೆಲ್ಲ ನರ್ಸಿನ ಬಿಳಿ ಸೀರೆಯ ಮೇಲೆ. ಸೋನ್‌ಮತಿ ಮೆಟ್ಟಿಲಿನಿಂದ ಕಾಲು ತೆಗೆದಳು, ಚೀಲವನ್ನು ಮಾತ್ರ ಎದೆಗೆ ಅವಚಿಕೊಂಡಳು. ಅದರಲ್ಲಿ ರಕ್ತದೊತ್ತಡ ನೋಡುವ ಪಟ್ಟಿ ಇತ್ತು, ಫಿಟ್ಸ್ ತಡೆಯುವ ಸೂಜಿಮದ್ದು ಇತ್ತು, ಹೊಸ ಬ್ಲೇಡು ಇತ್ತು. ಆ ಮನೆಯವರಿಗೆ ಬೇಕಾಗಿದ್ದದ್ದು ಬ್ಲೇಡು ಒಂದೇ.

"ಮಾಲ್ಕಿನ್, ಸೊಸೆಯಮ್ಮನ ಮುಖ, ಕಾಲು ಎಲ್ಲಾ ಊದಿರೋದ್ನ ಹೋದ ತಿಂಗಳೇ ನೋಡಿದೀನಿ. ತಲೆ ಸಿಡೀತದೆ ಅಂತಿದ್ರು. ತೋಳಿಗೆ ಒಂದ್ಸಲ ಪಟ್ಟಿ ಕಟ್ಟಿ ನೋಡ್ತೀನಿ, ಅಷ್ಟೆ."

"ಹೆತ್ತ ಮೇಲೆ ಮುಟ್ಟು. ಅಲ್ಲೀವರೆಗೂ ಕೊಟ್ಟಿಗೇಲಿ ಬಿದ್ದಿರು. ನಿಮ್ಮವ್ವ ನಲವತ್ತು ವರ್ಷ ಅಲ್ಲೇ ಕೂತಿದ್ಳು, ಸತ್ತೋದ್ಳಾ?"

ಗಂಡಕಿ ಕಾಲುವೆಯ ಈ ದಂಡೆಯಲ್ಲಿ ಬಾಬುಸಾಹೇಬರ, ಅಂದರೆ ಮೇಲ್ಜಾತಿಯ ಜಮೀನ್ದಾರರ, ಮನೆಗಳಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಚಮಾರ ಹೆಂಗಸೇ ಕೊಯ್ಯಬೇಕು. ಮನೆಯವರು ಕೊಯ್ದರೆ ಏಳು ಜನ್ಮಕ್ಕೂ ಕಳೆಯದ ಪಾಪ. ಹೆರುವ ತನಕ ಅವಳು ಮುಟ್ಟಿದರೆ ಮೈಲಿಗೆ, ಹೆತ್ತ ಮೇಲೆ ಅವಳು ಮುಟ್ಟದಿದ್ದರೆ ಮೈಲಿಗೆ. ಬಳ್ಳಿ ಕೊಯ್ದು, ಮಾಸು ಹೂತು, ರಕ್ತದ ಬಟ್ಟೆ ಒಗೆದು, ಹಳಸಿದ ಅನ್ನವನ್ನು ಸೆರಗಿಗೆ ಹಾಕಿಸಿಕೊಂಡು ಹಿಂಬಾಗಿಲಿನಿಂದ ಹೋಗಬೇಕು. ಸೋನ್‌ಮತಿಯ ತಾಯಿ ಧನೇಸರಿ ಆ ಕೆಲಸವನ್ನು ಕೈ ನಡುಗುವ ತನಕ ಮಾಡಿದಳು. ಜೀಪಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಅಂಗಳದಲ್ಲಿ ಓಡಾಡುತ್ತಿದ್ದ ಮಾಲ್ಕಿನ್ ಮಗ ಟುನ್ನಾ ಸಿಂಗನ ಬಳ್ಳಿ ಕೊಯ್ದದ್ದೂ ಅವಳೇ. ಈಗ ಅವನ ಹೆಂಡತಿ ನಿಭಾ ಒಳಗೆ ನರಳುತ್ತಿದ್ದಳು. ಚಮಾರ ಕೇರಿಯಿಂದ ಮಗಳು ಬಂದಿದ್ದಳು. ಮಗಳು ಸರ್ಕಾರಿ ನರ್ಸು ಎನ್ನುವುದನ್ನು ಆ ಮನೆ ಒಂದು ತಮಾಷೆಯೆಂದೇ ತಿಳಿದಿತ್ತು.

ಕೊಟ್ಟಿಗೆಯಲ್ಲಿ ಎಮ್ಮೆಗಳ ಪಕ್ಕ ನಿಂತು ಸೋನ್‌ಮತಿ ತನ್ನ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದಳು.

"ಮನೆಯವರನ್ನ ಒಪ್ಪಿಸಮ್ಮ," ಎಂದ ಡಾಕ್ಟರ್, ಬಾಯಲ್ಲಿ ಏನನ್ನೋ ಅಗಿಯುತ್ತ. "ತಿಳಿ ಹೇಳು. ಅದಕ್ಕೇ ತಾನೆ ನಿನ್ನ ಇಟ್ಟಿರೋದು?"

"ನನ್ನ ಮೆಟ್ಟಿಲೇ ಹತ್ತಿಸ್ತಿಲ್ಲ ಸಾರ್. ನೀವೊಂದು ಮಾತು ಹೇಳಿ."

"ಬಾಬುಸಾಹೇಬರ ಮನೆ ವಿಷಯಕ್ಕೆ ನನ್ನ ಎಳೀಬೇಡ. ಅವರಿಷ್ಟದಂತೆ ಮಾಡಿ, ಮನೇಲೇ ಹೆರಿಗೆ ಆಯ್ತು ಅಂತ ಬರ್ಕೋ."

ತರಬೇತಿ ಶಾಲೆಯ ಗೋಡೆಯ ತುಂಬ ಬಣ್ಣದ ಹಾಳೆ ಅಂಟಿಸಿದ್ದರು. ಪರೀಕ್ಷೆಯ ದಿನ ಮೇಡಮ್ ಎಬ್ಬಿಸಿ ನಿಲ್ಲಿಸಿ, ತಾಯಿ ಮಗುವಿನ ಆರೈಕೆಯಲ್ಲಿ ನರ್ಸಿನ ಪಾತ್ರಗಳೇನು ಹೇಳೇ ಎಂದಿದ್ದಳು. ಸೋನ್‌ಮತಿ ಒಂದೇ ಉಸಿರಿನಲ್ಲಿ ಒಪ್ಪಿಸಿದ್ದಳು. ಆರೈಕೆ ಮಾಡುವವಳು, ಕಲಿಸುವವಳು, ಧೈರ್ಯ ಹೇಳುವವಳು, ತಾಯಿಯ ಪರವಾಗಿ ವಾದಿಸುವವಳು. ಗುರಿ? ತಪ್ಪಿಸಬಹುದಾದ ಒಂದು ಸಾವೂ ಆಗಕೂಡದು. ಸಿದ್ಧಾಂತ? ತಾಯಿ ಮಗುವನ್ನು ಬೇರೆ ಬೇರೆಯಾಗಿ ನೋಡಕೂಡದು, ಕುಟುಂಬವೇ ನರ್ಸಿನ ಜೊತೆಗಾರ. ಪೂರ್ತಿ ಅಂಕ ಬಂದಿತ್ತು. ಅಂಕ ಕೊಟ್ಟ ಮೇಡಮ್ಮೇ ಆವತ್ತು ಸಂಜೆ ಇಡೀ ವಾರ್ಡಿನ ಮಲದ ಪಾತ್ರೆಗಳನ್ನು ಅವಳೊಬ್ಬಳ ಕೈಯಲ್ಲಿ ತೊಳೆಸಿದ್ದಳು, ನಿಮ್ಮೋರಿಗೆ ಅಭ್ಯಾಸ ಇರ್ತದಲ್ಲ ಎಂದು.

ಜೊತೆಗಾರ ಕುಟುಂಬ ಒಳಗೆ ಏನು ಮಾಡುತ್ತಿದೆಯೆಂದು ಕೊಟ್ಟಿಗೆಗೆ ಚೆನ್ನಾಗಿ ಕೇಳಿಸುತ್ತಿತ್ತು. ಕಪಾಳಕ್ಕೆ ಬಿಟ್ಟ ಸದ್ದು, ಮಾಲ್ಕಿನ್ ದನಿ. "ಮುಕ್ಕರಿಸೇ, ಕಳ್ಳಿ! ಮಲ್ಕೊಳ್ಳುವಾಗ ಸುಖ ಬೇಕಿತ್ತಾ?" ಮತ್ತೊಂದು ಏಟು. ಹೊಟ್ಟೆಯ ಮೇಲೆ ಯಾರೋ ಮಂಡಿಯೂರಿದಂತೆ ನಿಭಾ ಕಿರುಚಿದಳು. ಕಣ್ಣು ಕಾಣ್ತಿಲ್ಲ ಅತ್ತೆ, ಕಣ್ಣೇ ಕಾಣ್ತಿಲ್ಲ ಎಂದಳು. ಸೋನ್‌ಮತಿ ಬಾಗಿಲಿಗೆ ಓಡಿದಳು. ಟುನ್ನಾ ಅವಳ ಜಡೆ ಹಿಡಿದು ಎಳೆದು ಸಗಣಿಯ ಗುಂಡಿಗೆ ನೂಕಿದ.

"ಕರೆದಾಗ ಬಾರೆ ಬೋಸುಡಿ."

ಮಧ್ಯಾಹ್ನ ಮಗುವಿನ ಅಳು ಕೇಳಿತು. ಅದರ ಬೆನ್ನಿಗೇ ಹೆಂಗಸರ ಚೀರಾಟ. ಮಾಲ್ಕಿನ್ ಬಾಗಿಲಿಗೆ ಬಂದು ಕೂಗಿದಳು, "ಬಾರೇ, ಬೇಗ ಬಾ! ಗಂಡು ಮಗು! ಬಳ್ಳಿ ಕೊಯ್ಯಿ ಬಾ!"

ಸೋನ್‌ಮತಿ ಮೈಯೆಲ್ಲ ಸಗಣಿಯಲ್ಲೇ ಚೀಲ ಹಿಡಿದು ಮೆಟ್ಟಿಲು ಹತ್ತಿದಳು. ಈಗ ಯಾರೂ ತಡೆಯಲಿಲ್ಲ.

ನಿಭಾ ಚಾಪೆಯ ಮೇಲೆ ಬಿಲ್ಲಿನಂತೆ ಸೆಟೆದುಕೊಂಡಿದ್ದಳು. ಕಣ್ಣುಗುಡ್ಡೆ ಮೇಲೆ ಹೋಗಿತ್ತು, ಬಾಯಲ್ಲಿ ರಕ್ತದ ನೊರೆ, ಕೆನ್ನೆಯ ಮೇಲೆ ಐದು ಬೆರಳ ಬಾಸುಂಡೆ. ಅವಳ ಕಾಲ ನಡುವೆ ಮಗು ಕೈಕಾಲು ಬಡಿಯುತ್ತಿತ್ತು. ಸೋನ್‌ಮತಿ ಮಗುವನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದಳು, ಬಾಣಂತಿಯನ್ನು ಮಗ್ಗುಲಿಗೆ ಹೊರಳಿಸಿದಳು, ತೋಳಿಗೆ ಪಟ್ಟಿ ಕಟ್ಟಿದಳು. ನೂರ ಎಂಬತ್ತು. ಕೈ ತಾನಾಗಿಯೇ ಸೂಜಿಮದ್ದು ಎಳೆದುಕೊಂಡಿತು. ಒಂದು ಪೃಷ್ಠಕ್ಕೆ ಅರ್ಧ, ಇನ್ನೊಂದಕ್ಕೆ ಅರ್ಧ.

"ಸೂಜಿ ಯಾಕೇ ಅವಳಿಗೆ? ಬಳ್ಳಿ ಕೊಯ್ದು ಮಗೂನ ಕೊಡೇ ಮೊದಲು!"

"ಜೀಪು ತೆಗೆಸಿ. ಜಿಲ್ಲಾಸ್ಪತ್ರೆಗೆ ಹೋಗ್ಬೇಕು. ಮಾಸೂ ಬಿದ್ದಿಲ್ಲ, ಇನ್ನೊಂದ್ಸಲ ಫಿಟ್ಸ್ ಬಂದ್ರೆ ಉಳಿಯಲ್ಲ."

"ಮಗು ಬಂತಲ್ಲ, ಸಾಕು. ಅವಳಿಗೆ ಆಯಸ್ಸಿದ್ರೆ ಉಳೀತಾಳೆ. ನನ್ನ ಮಗಂಗೆ ಹೆಣ್ಣಿಗೇನು ಬರಗಾಲವಾ?"

ಸೋನ್‌ಮತಿ ಬ್ಲೇಡಿನ ಕಾಗದ ಬಿಡಿಸುತ್ತಿದ್ದವಳು ನಿಲ್ಲಿಸಿದಳು. ಮಗು ಕೆಂಪಗೆ ಅಳುತ್ತಿತ್ತು, ಬಳ್ಳಿ ಕೊಯ್ಯಲು ಅದಕ್ಕೇನೂ ಆತುರವಿಲ್ಲವೆಂದು ಅವಳು ಓದಿದ್ದಳು, ನೋಡಿಯೂ ಇದ್ದಳು. ಆತುರವಿದ್ದದ್ದು ತಾಯಿಗೆ. ಈ ಬಳ್ಳಿ ಇರುವ ತನಕ ಮಗನನ್ನು ಎತ್ತಬೇಕೆಂದರೆ ತಾಯಿಯನ್ನೂ ಎತ್ತಬೇಕು. ಬಳ್ಳಿ ಹರಿಯಿತೋ, ಈ ಹೆಣ್ಣಿಗೆ ಈ ಮನೆಯಲ್ಲಿ ಜೀಪಲ್ಲ, ಒಂದು ಲೋಟ ನೀರೂ ಹುಟ್ಟುವುದಿಲ್ಲ.

"ಕೊಯ್ಯಲ್ಲ," ಎಂದಳು.

"ಏನಂದೆ?"

"ಆಸ್ಪತ್ರೇಲಿ ಕೊಯ್ತೀನಿ. ಇಬ್ರನ್ನೂ ಹೀಗೇ ಜೀಪಿಗೆ ಹಾಕಿ."

ಟುನ್ನಾ ಲಾಠಿ ಹಿಡಿದೇ ಒಳಗೆ ಬಂದ. ಮೊದಲ ಏಟು ಬೆನ್ನಿಗೆ, ಎರಡನೆಯದು ಭುಜಕ್ಕೆ. ಅವಳು ಬಾಣಂತಿಯ ಮೇಲೆ ಬಾಗಿ ಅಡ್ಡವಾದಳು. "ಕೊಯ್ತೀಯೋ ಇಲ್ವೋ ರಂಡೆ? ನನ್ನ ಮಗನ್ನ ಹಗ್ಗ ಕಟ್ಟಿ ಇಟ್ಕೋತೀಯಾ?" ಮೂರನೆಯ ಏಟಿಗೆ ಬಲ ಮಣಿಕಟ್ಟು ಲಟಕ್ಕೆಂದಿತು. ಬ್ಲೇಡು ಬಿತ್ತು. ಕೈ ಯಾರದೋ ಎಂಬಂತೆ ಜೋತುಬಿದ್ದಿತು.

"ಕೋಲು ನಿಲ್ಲಿಸೋ ಟುನ್ನಾ! ಕೈ ಮುರಿದ್ರೆ ಕೊಯ್ಯೋರು ಯಾರೋ?" ಎಂದು ಮಾಲ್ಕಿನ್ ತಲೆ ಚಚ್ಚಿಕೊಂಡಳು. ಮುರಿದ ಕೈಯ ಬಗ್ಗೆ ಆ ಮನೆಯಲ್ಲಿ ಹುಟ್ಟಿದ ಮರುಕ ಅಷ್ಟೇ.

ಇಬ್ಬರು ಆಳುಗಳು ಹೋಗಿ ಧನೇಸರಿಯನ್ನು ರಟ್ಟೆ ಹಿಡಿದು ಎಳೆದು ತಂದರು. ಮುದುಕಿ ಹೊಸ್ತಿಲಲ್ಲಿ ನಿಂತು ಮಗಳ ಕೈ ನೋಡಿದಳು, ನಿಭಾಳ ಮುಖ ನೋಡಿದಳು. ಮಾಲ್ಕಿನ್ ಕಾಲಿನಿಂದ ಬ್ಲೇಡನ್ನು ಅವಳತ್ತ ತಳ್ಳಿದಳು.

"ನೀನಾದ್ರೂ ಬುದ್ಧಿವಂತಳು. ಕೊಯ್ಯಿ. ಹೊಸಾ ಸೀರೆ ಕೊಡ್ತೀನಿ."

"ಅವ್ವಾ, ಬೇಡ," ಎಂದಳು ಸೋನ್‌ಮತಿ. "ಕೊಯ್ದರೆ ಇವರು ಇವಳನ್ನ ಸಾಯಕ್ಕೆ ಬಿಡ್ತಾರೆ."

"ನಂಗೆ ಹೇಳಿಕೊಡ್ತೀಯಾ?" ಎಂದು ಮುದುಕಿ ಮಗಳ ಮೇಲೆ ರೇಗಿದಳು. "ಇದೇ ಕೋಣೇಲಿ ಎರಡು ಹೆಣ ಕಂಡಿದೀನಿ ನಾನು. ಬಳ್ಳಿ ಕೊಯ್ದು ಮಗೂನ ಕೊಟ್ಟ ಮೇಲೆ ತಾಯಿ ಕಡೆ ತಿರುಗಿ ನೋಡಿದ ನನಮಗನೇ ಇಲ್ಲ." ಅವಳು ಬ್ಲೇಡು ಎತ್ತಿಕೊಂಡು ಟುನ್ನಾನ ಮುಂದೆ ಹಿಡಿದಳು. "ನಿನ್ನ ಬಳ್ಳಿ ನಾನೇ ಕೊಯ್ದಿದ್ದು ಕಣೋ. ಆವತ್ತು ಕೈ ನಡುಗಲಿಲ್ಲ, ಅದೇ ತಪ್ಪಾಯ್ತು. ತಗೋ. ಗಂಡಸಲ್ವಾ? ನಿನ್ನ ಮಗ, ನೀನೇ ಕೊಯ್ಕೋ."

ಟುನ್ನಾ ಹಾವು ಕಂಡವನಂತೆ ಹಿಂದೆ ಸರಿದ. ಹೆಂಗಸರು ಗೋಡೆ ನೋಡಿದರು. ಆಳುಗಳಿಬ್ಬರೂ ಬೇರೆ ಜಾತಿಯವರು, ಅವರೂ ಕೈ ಹಿಂದೆ ಕಟ್ಟಿಕೊಂಡರು. ಅಷ್ಟು ಜನರಿದ್ದ ಮನೆಯಲ್ಲಿ ಒಂದು ಬ್ಲೇಡು ಹಿಡಿಯುವ ಗಂಡಸು ಇರಲಿಲ್ಲ. ನಿಭಾಳ ಕಾಲು ಮತ್ತೆ ಅದುರತೊಡಗಿತು.

"ಜೀಪು ತೆಗಿಯೋ," ಎಂದು ಕೊನೆಗೆ ಮಾಲ್ಕಿನ್ ಅತ್ತಳು. "ನನ್ನ ಮೊಮ್ಮಗ ಸಾಯ್ತಾನೆ."

ಚಾಪೆ ಸಮೇತ ಎತ್ತಿ ಜೀಪಿನ ಹಿಂದೆ ಮಲಗಿಸಿದರು. ಧನೇಸರಿ ಕೇರಿಯ ದಾರಿ ಹಿಡಿದಳು. ಸೋನ್‌ಮತಿ ಪಕ್ಕದಲ್ಲಿ ಕೂತು ಎಡಗೈಯಲ್ಲಿ ನಿಭಾಳ ಗದ್ದ ಎತ್ತಿ ಹಿಡಿದಳು, ನಾಲಗೆ ಹಿಂದೆ ಬೀಳದಂತೆ. ಮಗು ತಾಯಿಯ ಹೊಟ್ಟೆಗೆ ಅಂಟಿಕೊಂಡು ಬಳ್ಳಿಯ ಸಮೇತ ನಿದ್ದೆ ಮಾಡಿತು. ಜೀಪು ಓಡಿಸುತ್ತಿದ್ದ ಆ ಮನೆಯ ಡ್ರೈವರ್ ಲಖನ್ ಚಮಾರ ಕೇರಿಯವನೇ, ಧನೇಸರಿಯ ಪಕ್ಕದ ಗುಡಿಸಲಿನವನು. ಮುಂದೆ ಕೂತ ಟುನ್ನಾ ಯಾರಿಗೋ ಫೋನ್ ಮಾಡಿ, ಶುರು ಮಾಡ್ರಿ ಎಂದಷ್ಟೇ ಹೇಳಿದ.

ಕಾಲುವೆಯ ಏರಿ ಹತ್ತುವಾಗ ಲಖನ್ ಕನ್ನಡಿ ನೋಡಿ ಬ್ರೇಕ್ ಒತ್ತಿದ. ಹಿಂದೆ, ಕಬ್ಬಿನ ಗದ್ದೆಯ ಆಚೆ, ಕೇರಿಯ ಮೇಲೆ ಕಪ್ಪು ಹೊಗೆ ಏಳುತ್ತಿತ್ತು.

"ಸೋನ್‌ಮತೀ... ನಮ್ಮನೆ ಕಡೆ ಕಣೇ," ಎಂದ. "ನನ್ನ ಮಕ್ಕಳವ್ರೆ ಅಲ್ಲಿ. ನಿಮ್ಮವ್ವ..."

ಟುನ್ನಾ ಹಿಂದಕ್ಕೆ ತಿರುಗಿ ನಕ್ಕ. ಅವನ ಕೈಯಲ್ಲಿ ಫೋನು ಇತ್ತು. "ಈಗ ಕೊಯ್ತೀಯಾ? ಎಡಗೈ ಚೆನ್ನಾಗೇ ಇದೆಯಲ್ಲ. ಬಳ್ಳಿ ಕೊಯ್ದು ಮಗನ್ನ ಕೊಡು. ಒಂದು ಮಾತು ಹೇಳ್ತೀನಿ, ಬೆಂಕಿ ಆರಿಸ್ತಾರೆ. ಜೀಪು ತಿರುಗಿಸ್ತೀವಿ, ಎಲ್ರೂ ಮನೆಗೆ ಹೋಗೋಣ."

ನಿಭಾಳ ಉಸಿರು ಗೊರಗೊರ ಎನ್ನುತ್ತಿತ್ತು. ಎಡಗೈ ತೆಗೆದರೆ ಅದು ನಿಲ್ಲುತ್ತಿತ್ತು. ಸೋನ್‌ಮತಿ ಹೊಗೆಯನ್ನು ನೋಡಿದಳು, ಎಲ್ಲಿಂದ ಏಳುತ್ತಿದೆಯೆಂದು ಗುರುತು ಹಿಡಿಯಲು ನೋಡಿದಳು, ಆಗಲಿಲ್ಲ. ಅವ್ವಾ ಎಂದು ಒಮ್ಮೆ ಬಾಯಿ ಬಿಟ್ಟು ಅತ್ತಳು. ಕೈ ತೆಗೆಯಲಿಲ್ಲ.

"ಲಖನಣ್ಣಾ, ಗಾಡಿ ಹೊಡಿ," ಎಂದಳು. "ನಿಲ್ಲಿಸಬೇಡ."

ಟುನ್ನಾ ಸ್ಟಿಯರಿಂಗಿಗೆ ಕೈ ಹಾಕಿದ. ಲಖನ್ ಮೊಣಕೈಯಿಂದ ಅವನ ಮೂಗಿಗೆ ಗುದ್ದಿ, ಅಳುತ್ತಲೇ ಗೇರು ಬದಲಿಸಿದ.