ಅಂಗಾಲಿನ ಗುಂಡುಸೂಜಿ

ಮನೆಯ ಮುಂದಿನ ಕೋಣೆಯೇ ದರ್ಜಿಯ ಅಂಗಡಿ. ಅಂದು ಬೆಳಿಗ್ಗೆ ಶಾಲೆಯ ಸಮವಸ್ತ್ರಗಳನ್ನೆಲ್ಲ ಬದಿಗಿಟ್ಟು, ಉಳಿದ ಬಿಳಿ ಬಟ್ಟೆಯಲ್ಲಿ ಅವನು ಅಂಗೈಯಗಲದ ಟೋಪಿಯೊಂದನ್ನು ಹೊಲಿಯುತ್ತಿದ್ದ. ಬಸುರಿ ಮಗಳಿಗೆ ಈಗಷ್ಟೇ ನಾಲ್ಕು ತಿಂಗಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಗಾದೆ ಕೇಳಿದ್ದೆ. ಈಗ ಕಣ್ಣಾರೆ ನೋಡಿದೆ" ಎಂದು ಹೆಂಡತಿ ನಕ್ಕಳು.

ಅವನೂ ನಕ್ಕ. ಟೋಪಿ ಕೈಜಾರಿ ಪೆಡಲಿನ ಬಳಿ ಬಿತ್ತು. ಎತ್ತಿಕೊಂಡರೆ ಅಂಚಿನಲ್ಲಿ ಕೆಂಪು ಕಲೆ. ಬೆರಳುಗಳನ್ನು ನೋಡಿಕೊಂಡ, ಎಲ್ಲೂ ಗಾಯವಿಲ್ಲ. ಹೆಂಡತಿ ಬಗ್ಗಿ ನೋಡಿ ಹೌಹಾರಿದಳು. ಬರಿಗಾಲಲ್ಲಿ ಯಂತ್ರ ತುಳಿಯುವುದು ಅವನ ಅಭ್ಯಾಸ. ಎಡ ಅಂಗಾಲಿಗೆ ಗುಂಡುಸೂಜಿಯೊಂದು ತಲೆಯವರೆಗೂ ಇಳಿದಿತ್ತು. ಎಷ್ಟು ಹೊತ್ತಿನಿಂದ ಇತ್ತೋ! ಎಳೆದು ತೆಗೆದಾಗಲೂ ನೋಯಲಿಲ್ಲ. ಯಾರದೋ ಕಾಲಿನಿಂದ ಕಿತ್ತಂತಿತ್ತು.

ಆಸ್ಪತ್ರೆಯಲ್ಲಿ ವೈದ್ಯೆ ರಕ್ತಪರೀಕ್ಷೆಯ ಚೀಟಿ ನೋಡಿ, "ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇತ್ತಾ?" ಎಂದು ಕೇಳಿದರು.

"ಯಾರಿಗೂ ಇಲ್ಲ" ಎಂದಳು ಹೆಂಡತಿ, ಥಟ್ಟನೆ. ಅವನು ತನ್ನ ಕಾಲನ್ನೇ ನೋಡಿಕೊಂಡ.

"ನಿಮಗಿದೆ. ಬಹಳ ವರ್ಷದಿಂದ ಇದ್ದ ಹಾಗಿದೆ. ಸಕ್ಕರೆ ಏರಿದ್ರೆ ಒಳಗೊಳಗೇ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗಾಗುತ್ತೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂತೀವಿ. ಜೊತೆಗೆ ಹೊರಗೆ ಕಾಣದ ಉರಿಯೂತ. ಒಂದನ್ನೊಂದು ಬೆಳೆಸ್ತಾ ರಕ್ತನಾಳ, ನರ ಎಲ್ಲ ಕೆಡಿಸ್ತವೆ. ನಿಮ್ಮ ಕಾಲು ಮರಗಟ್ಟಿರೋದು ಅದಕ್ಕೇ. ಮನೆತನದಲ್ಲಿ ಕಾಯಿಲೆ ಇದ್ರೆ, ಸಕ್ಕರೆ ಕಾಣಿಸ್ಕೊಳ್ಳೋ ಮುಂಚೇನೇ ಇದೆಲ್ಲ ಶುರುವಾಗಿರಬಹುದು. ಮಕ್ಕಳಿಗೂ ಪರೀಕ್ಷೆ ಮಾಡಿಸಿ." ಆಮೇಲೆ ಅವನ ಪಾದಕ್ಕೆ ಪಟ್ಟಿ ಕಟ್ಟುತ್ತಾ ಹೇಳಿದರು, "ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅಂಗಾಲಿಗೆ ಬೇಕು. ದಿನಾ ನೋಡ್ಕೊಳ್ಳಿ."

ಅಪ್ಪ ಸತ್ತದ್ದು ಮೊಳೆ ಚುಚ್ಚಿ ಎಂಬುದು ಅವರ ಮನೆಯ ಮಾತು. ಮೊಣಕಾಲ ಕೆಳಗೆ ಕತ್ತರಿಸಿದ ಮೇಲೆ ಅಪ್ಪನ ಪ್ಯಾಂಟಿನ ಒಂದು ಕಾಲನ್ನು ಮಡಿಚಿ ಹೊಲಿದವನು ಇವನೇ. ಆಗ ತಂಗಿಯ ಮದುವೆಯ ಮಾತು ನಡೆದಿತ್ತು. ಸಂಬಂಧ ತಪ್ಪೀತೆಂದು ಸಕ್ಕರೆ ಕಾಯಿಲೆಯ ಹೆಸರನ್ನೂ ಆ ಮಡಿಚಿದ ಪ್ಯಾಂಟಿನೊಳಗೇ ಸೇರಿಸಿ ಹೊಲಿದುಬಿಟ್ಟರು. ಮುಂದೆ ಇವನ ಮಗಳ ಮದುವೆಯಲ್ಲೂ ಬಿಚ್ಚಲಿಲ್ಲ. ಕಳೆದ ತಿಂಗಳು ಮಗಳು ಫೋನಿನಲ್ಲಿ, "ಡಾಕ್ಟರು ಕೇಳಿದ್ರು ಅಪ್ಪಾ, ನಮ್ಮನೇಲಿ ಯಾರಿಗೂ ಏನೂ ಇಲ್ಲ ಅಂದೆ" ಎಂದು ಹೆಮ್ಮೆಯಿಂದ ಹೇಳಿದ್ದಳು. ಅದು ನೆನಪಾದಾಗ ಅಳು ಬರಬೇಕಿತ್ತು, ಬರಲಿಲ್ಲ. ಎದೆಯೂ ಕಾಲಿನ ಹಾಗೇ ಆಗಿತ್ತು.

"ಈಗ ಹೇಳಿದ್ರೆ ಬೀಗರು ಸುಮ್ನಿರ್ತಾರಾ?" ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು. "ಮುಚ್ಚಿಟ್ಟು ಹೆಣ್ಣು ಕೊಟ್ರು ಅಂತ ಆಡ್ಕೋತಾರೆ. ಅದನ್ನ ದಿನಾ ಕೇಳಬೇಕಾದವಳು ಅವಳು, ನೀವಲ್ಲ."

ಆ ಮಾತಿನಲ್ಲೂ ನ್ಯಾಯವಿತ್ತು. ಆದರೂ ಅವನು ಫೋನ್ ಎತ್ತಿಕೊಂಡು, ಹೆಂಡತಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟು, ಮಗಳೊಡನೆ ತಾತನ ಕಾಯಿಲೆಯ ಮಾತೆತ್ತಿದ.

"ತಾತಂಗೆ ಮೊಳೆ ಚುಚ್ಚಿದ್ದಲ್ವಾ ಅಪ್ಪಾ?" ಎಂದಳು ಮಗಳು.

"ಚುಚ್ಚಿದ್ದು ನಿಜ ಕಣಮ್ಮಾ. ಚುಚ್ಚಿದ್ದು ಅವರಿಗೆ ಗೊತ್ತಾಗ್ಲಿಲ್ಲ, ಅದೂ ನಿಜ. ಸಕ್ಕರೆ ಕಾಯಿಲೆ ಇತ್ತು. ಈಗ ನನಗೂ ಇದೆ. ನಾಳೆಯೇ ಹೋಗಿ ಡಾಕ್ಟರಿಗೆ ಹೇಳು, ಪರೀಕ್ಷೆ ಮಾಡಿಸ್ಕೋ."

ಅತ್ತ ಫೋನ್ ಕೈ ಬದಲಾದ ಸದ್ದು. ಬಳಿಕ ಮಗಳ ಅತ್ತೆಯ ದನಿ ಬಂತು. ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಬೀಗರೇ, ನಮ್ಮನೆಯವರಿಗೂ ಹತ್ತು ವರ್ಷದಿಂದ ಇದೆ. ನಿಮ್ಮ ಕಡೆ ಏನೂ ಇಲ್ಲ ಅಂದ್ರಲ್ಲ, ಸಂಬಂಧ ಎಲ್ಲಿ ತಪ್ಪಿಹೋಗುತ್ತೋ ಅಂತ ನಾವೂ ಬಾಯಿ ಬಿಡಲಿಲ್ಲ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಎರಡೂ ಮನೇದು ಬರೆಸ್ತೀನಿ."

ಫೋನ್ ಇಟ್ಟ ಮೇಲೆ ಅವನು ಎದ್ದು, ಗಿರಾಕಿಗಳು ನೋಡಿಕೊಳ್ಳುವ ಗೋಡೆಯ ಕನ್ನಡಿಯನ್ನು ಇಳಿಸಿ ನೆಲಕ್ಕಿಟ್ಟು, ಪಟ್ಟಿ ಕಟ್ಟಿದ ಕಾಲನ್ನು ಅದರ ಮೇಲೆ ಹಿಡಿದ. ಸರಿಯಾಗಿ ಕಾಣಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ಕುಳಿತು ಕನ್ನಡಿಯನ್ನು ಓರೆ ಮಾಡಿ ಹಿಡಿದಳು.

"ಇನ್ನೊಂದು ಕಾಲೂ ತೋರಿಸಿ" ಎಂದಳು.