ಇಬ್ಬರು ಸಾಕು

ನಮ್ಮ ನಾಯಕ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾವು ಎಂಟು ಜನ ಸ್ಟುಡಿಯೋ ಅಂಗಳದಲ್ಲಿ ಹಗ್ಗವನ್ನು ಉದ್ದಕ್ಕೆ ಹಾಸಿಕೊಂಡು, ಎಲ್ಲಿ ಎಳೆ ಸಡಿಲವಾಗಿದೆ ಎಂದು ಬೆರಳಿನಿಂದ ನೋಡುತ್ತಾ ಕೂತಿದ್ದೆವು. ಗೇಟಿನವನು ಕೈಯಲ್ಲಿ ಫೋನು ಹಿಡಿದುಕೊಂಡೇ ಬಂದ. "ಹೋದ್ರಂತೆ" ಎಂದ. ಯಾರು ಎಂದು ಯಾರೂ ಕೇಳಲಿಲ್ಲ. ಹಗ್ಗದ ಮೇಲೆ ಹದಿನಾರು ಕೈಗಳು ಇದ್ದಲ್ಲೇ ನಿಂತವು.

ಊರೆಲ್ಲ ಬೆಚ್ಚಿಬಿತ್ತು. ಮೂರು ಚಿತ್ರಗಳಲ್ಲಿ ಆಕಾಶದಲ್ಲಿ ಹಾರಿ ಜಗತ್ತನ್ನು ಕಾಪಾಡಿದ ಮುಗಿಲವೀರ, ಇನ್ನೂ ನಲವತ್ತು ತುಂಬದವನು, ಆಸ್ಪತ್ರೆಯ ಹಾಸಿಗೆಯಲ್ಲಿ ಹೋಗುವುದೆಂದರೇನು! ಕಾಯಿಲೆಯ ಸುಳಿವೇ ಇರಲಿಲ್ಲವಲ್ಲ ಎಂದರು ಎಲ್ಲರೂ. ನಮಗೆ ದುಃಖವಾಯಿತು. ಆಶ್ಚರ್ಯವಾಗಲಿಲ್ಲ.

ಏಕೆಂದರೆ ಅವನನ್ನು ಹಾರಿಸುತ್ತಿದ್ದವರು ನಾವು. ಅವನ ಸೊಂಟದ ಪಟ್ಟಿಗೆ ಕಣ್ಣಿಗೆ ಕಾಣದ ತೆಳು ತಂತಿ. ಅದು ಮೇಲೆ ರಾಟೆಯನ್ನು ಸುತ್ತಿ, ಪರದೆಯ ಹಿಂದೆ ದಪ್ಪ ಹಗ್ಗವಾಗಿ ನಮ್ಮ ಕೈಗೆ ಬರುತ್ತಿತ್ತು. ಎಂಟು ಜನ ಎಳೆದರೆ ಅವನು ಏರಿದ. ಸಡಿಲ ಬಿಟ್ಟರೆ ಇಳಿದ. ಹನ್ನೊಂದು ವರ್ಷ ಎಳೆದ ಮೇಲೆ ಒಬ್ಬ ಮನುಷ್ಯನ ಭಾರ ನಮ್ಮ ಅಂಗೈಗೆ ಅಂಟಿಕೊಂಡಿರುತ್ತದೆ. ಮೂರನೆಯ ಚಿತ್ರದ ನಡುವೆ ಹಗ್ಗ ಹಗುರಾಯಿತು. ತಿಂಗಳು ಕಳೆದ ಮೇಲೆ ಇನ್ನೂ ಹಗುರಾಯಿತು. ಉಡುಪಿನೊಳಗೆ ಹತ್ತಿ ತುಂಬಿ ಎದೆ ಎಬ್ಬಿಸಿದ್ದರು. ಕ್ಯಾಮೆರಾ ಮೋಸಹೋಯಿತು, ಹಗ್ಗ ಮೋಸಹೋಗಲಿಲ್ಲ.

ಪ್ರತಿ ಸಲ ಏರುವ ಮೊದಲು ಪರದೆಯ ಹಿಂದೆ ಬಂದು ನಮ್ಮ ಎಂಟೂ ಜನರ ಕೈ ಮುಟ್ಟಿ ಹೋಗುವುದು ಅವನ ಪದ್ಧತಿ. ಹಗ್ಗ ಹಗುರಾದ ಮೇಲೆ ಒಂದು ದಿನ ನನ್ನ ಕೈ ಹಿಡಿದು ಕೇಳಿದ: "ಗೊತ್ತಾಯ್ತಾ ದೊಡ್ಡಪ್ಪ?"

"ಕೈಗೆ ಗೊತ್ತಾಗಿದೆ. ಬಾಯಿಗೆ ಗೊತ್ತಾಗಿಲ್ಲ, ಹೋಗು" ಎಂದೆ.

ನಮ್ಮ ಎಂಟು ಬಾಯಿಗಳಲ್ಲಿ ಒಂದೂ ತೆರೆಯಲಿಲ್ಲ. ದೇವರು ಸಾಕ್ಷಿ.

ತೆರೆದದ್ದು ಅವನು ಹೋದ ಮೇಲೆ, ಅದೂ ನನ್ನ ಬಾಯಿ.

ಮೂರನೆಯ ದಿನ ಸ್ಟುಡಿಯೋದಲ್ಲಿ ಸಂತಾಪ ಸಭೆ ನಡೆಯಿತು. ದೊಡ್ಡವರೆಲ್ಲ ಮಾತಾಡಿದ ಮೇಲೆ, ಹಗ್ಗದವರ ಪರವಾಗಿ ಹಿರಿಯರು ನೀವೂ ಎರಡು ಮಾತಾಡಿ ಎಂದು ಮ್ಯಾನೇಜರ್ ಕರೆದರು. ನಿಂತೆ. "ಕೊನೆಕೊನೆಗೆ ಆ ಮಗುವಿನಲ್ಲಿ ಭಾರವೇ ಉಳಿದಿರಲಿಲ್ಲ ಸ್ವಾಮಿ. ಎಂಟು ಜನ ಯಾಕೆ, ಇಬ್ಬರು ಸಾಕಾಗಿತ್ತು" ಎಂದು ಹೇಳಿ ಅತ್ತುಬಿಟ್ಟೆ.

ಮ್ಯಾನೇಜರ್ ತಮ್ಮ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಇಷ್ಟು ದೊಡ್ಡ ಮನುಷ್ಯ ನನ್ನಂಥವನ ಸಂಕಟವನ್ನು ಬರೆದಿಟ್ಟುಕೊಳ್ಳುತ್ತಿದ್ದಾರಲ್ಲ ಎಂದು ಮನಸ್ಸಿಗೆ ಸಮಾಧಾನವಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಐದು ತಿಂಗಳ ಮೇಲೆ ನಾಲ್ಕನೆಯ ಚಿತ್ರ ಮಾಡುತ್ತೇವೆ ಎಂದು ಕಂಪನಿಯವರು ಸಾರಿದರು. "ಅವರ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ. ಇದು ನಮ್ಮ ಪ್ರತಿಜ್ಞೆ. ಉಡುಪು ಖಾಲಿಯಾಗಿಯೇ ಹಾರುತ್ತದೆ" ಎಂದು ಗೋಡೆಗೋಡೆಗೂ ಅಂಟಿಸಿದರು. ಅದನ್ನು ಓದಿ ಜನ ಬೀದಿಯಲ್ಲಿ ನಿಂತು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಒಳಗೆ ಹೋಗಿ ಕೆಲಸದವರ ಪಟ್ಟಿ ನೋಡಿದೆ. ಹಗ್ಗ: ಇಬ್ಬರು.

ಮ್ಯಾನೇಜರ್ ಕೋಣೆಗೆ ಓಡಿದೆ. "ಸ್ವಾಮಿ, ಇದೇನು? ಎಂಟು ಜನ ಅಲ್ವಾ ನಾವು?"

"ನೀವೇ ಹೇಳಿದ್ದಲ್ವಾ ಯಜಮಾನ್ರೇ?" ಅವರು ಪುಸ್ತಕ ತಿರುಗಿಸಿ ತೋರಿಸಿದರು. ಸಂತಾಪ ಸಭೆಯ ತಾರೀಖು, ಅದರ ಕೆಳಗೆ: ಇಬ್ಬರು ಸಾಕು. ಹೇಳಿದವರು, ಹಗ್ಗದ ಹಿರಿಯ.

"ಅದು ಸಂಕಟದಲ್ಲಿ ಆಡಿದ ಮಾತು!"

"ಸಂಕಟದಲ್ಲಿ ಯಾರೂ ಸುಳ್ಳು ಹೇಳಲ್ಲ. ಅಲ್ಲದೆ ಈಗ ಅವರೂ ಇಲ್ಲ, ಬರೀ ಉಡುಪು. ಒಂಬತ್ತು ಕೆಜಿ. ನಿಜ ಹೇಳಬೇಕಂದ್ರೆ ಒಬ್ಬ ಸಾಕು. ನಿಮ್ಮ ಮಾತಿಗೆ ಗೌರವ ಕೊಟ್ಟು ಇಬ್ಬರನ್ನ ಇಟ್ಟಿದೀನಿ."

ಆ ಇಬ್ಬರನ್ನು ಆರಿಸಿದ್ದು ಹಿರಿತನ ನೋಡಿ. ಅಂದರೆ ಅರವತ್ತೆಂಟರ ನಾನು, ಅರವತ್ತೆರಡರ ಉದ್ದಣ್ಣ. ಉದ್ದಣ್ಣನ ಎಡ ಮಂಡಿ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ತೋಳಲ್ಲಿ ಕಸುವಿದ್ದ ಆರು ಜನ ಮನೆಗೆ ಹೋದರು. ಹೋಗುವಾಗ ಅವರಲ್ಲೊಬ್ಬ, ನಾವು ಕುಳ್ಳ ಅನ್ನುವವನು, ನನ್ನ ಹೆಗಲ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡ ದೊಡ್ಡಪ್ಪ. ನೀನು ಸತ್ತಾಗ ನಾವೂ ಇಂಥದೇ ಒಂದು ಒಳ್ಳೆ ಮಾತು ಆಡ್ತೀವಿ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೊದಲ ದಿನ ಖಾಲಿ ಉಡುಪನ್ನು ಎಳೆದೆವು. ಅದು ಏರಿತು, ನಿಜ. ತೋಳು ಜೋತುಬಿದ್ದು, ಕಾಲು ಒಂದಕ್ಕೊಂದು ಸುತ್ತಿಕೊಂಡು, ಹಿತ್ತಿಲಲ್ಲಿ ಒಣಹಾಕಿದ ಬಟ್ಟೆಯ ಹಾಗೆ ಏರಿತು. ಡೈರೆಕ್ಟರ್ ತಲೆ ಹಿಡಿದುಕೊಂಡು ಕೂತರು. "ಖಾಲಿ ಇದೆ ಅಂತ ಕಾಣಬೇಕು, ಆದ್ರೆ ಖಾಲಿ ಇರಬಾರದು" ಎಂದರು. ಮಧ್ಯಾಹ್ನದ ಹೊತ್ತಿಗೆ ನನ್ನ ಅಳಿಯನನ್ನು ಕರೆತಂದು ಉಡುಪಿನೊಳಗೆ ಇಳಿಸಿದರು.

ಅಳಿಯ ಸತ್ತವನಿಗೆ ಹನ್ನೊಂದು ವರ್ಷ ಡೂಪ್ ಆಗಿದ್ದವನು. ಗಾಜು ಒಡೆದು ಹಾರುವುದು, ಬೆಂಕಿಯೊಳಗಿಂದ ಉರುಳುವುದು, ಎಲ್ಲ ಅವನೇ. ಎಂಬತ್ತೆರಡು ಕೆಜಿ ಆಳು. ಮುಖಕ್ಕೆ ಕಪ್ಪು ಮುಸುಕು ಕಟ್ಟಿದರೆ ಆಮೇಲೆ ಯಂತ್ರದಲ್ಲಿ ತಲೆಯನ್ನು ಅಳಿಸುತ್ತಾರಂತೆ. ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ. ಉಡುಪಿನೊಳಗೆ ಯಾರೂ ಇಲ್ಲ. ಪುಸ್ತಕದಲ್ಲಿಯೂ ಇಲ್ಲ. ಪ್ರತಿದಿನ ಬೆಳಿಗ್ಗೆ ಮ್ಯಾನೇಜರ್ ಖಾಲಿ ಉಡುಪನ್ನು ತೂಕದ ಯಂತ್ರದ ಮೇಲೆ ಇಡುವರು, ಒಂಬತ್ತು ಎಂದು ಬರೆದುಕೊಳ್ಳುವರು. ಆಮೇಲೆ ಅಳಿಯ ಅದರೊಳಗೆ ಹೋಗುವನು.

ಊಟದ ಸಾಲಿನಲ್ಲಿ ಬಡಿಸುವವನು ಪಟ್ಟಿ ನೋಡಿದ. "ನೀವು ಇಲ್ವಲ್ಲ."

"ಹಸಿವು ಇದೆಯಲ್ಲಪ್ಪ" ಎಂದ ಅಳಿಯ.

"ಹಸಿವಿಗೆ ಹಾಕಕ್ಕೆ ಆಗಲ್ಲ, ಹೆಸರಿಗೆ ಹಾಕೋದು." ನನ್ನ ತಟ್ಟೆಯಲ್ಲೇ ಇಬ್ಬರೂ ಉಂಡೆವು.

ಎರಡನೆಯ ವಾರ ಸೊಂಟದ ಪಟ್ಟಿ ಕುಯ್ದು ಅಳಿಯನ ಪಕ್ಕೆಯಲ್ಲಿ ಹಸಿ ಗಾಯವಾಯಿತು. ಔಷಧಿಯ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿದ್ದವಳು ಒಳ್ಳೆಯ ಹುಡುಗಿ, ಅವಳಿಗೂ ಹೊಟ್ಟೆಪಾಡು. ಹೆಸರಿನ ಪಟ್ಟಿ ನೋಡಿ ಮೆಲ್ಲಗೆ ಹೇಳಿದಳು: "ಅಜ್ಜ, ಇಲ್ಲಿ ಉಡುಪು ಅಂತ ಮಾತ್ರ ಇದೆ. ಉಡುಪು ಹರಿದ್ರೆ ದರ್ಜಿ ಹತ್ರ ಹೋಗಿ."

ದರ್ಜಿ ನನ್ನ ಮಗಳು. ಅವನ ಹೆಂಡತಿ. ಆ ಉಡುಪನ್ನು ಹೊಲಿದವಳೇ ಅವಳು. ಗಂಡನ ಪಕ್ಕೆ ನೋಡಿ ಅವಳು ಅಳಲಿಲ್ಲ. ಗಾಯ ತೊಳೆದು, ಒಳಪದರದ ಅಸ್ತರಿನ ಬಟ್ಟೆ ಹರಿದು ಸುತ್ತಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಪ್ಪಾ, ಇದುವರೆಗೆ ಎಷ್ಟು ಎತ್ತರ ಎತ್ತಿದೀರಿ?"

"ಆರು ಅಡಿ, ಎಂಟು ಅಡಿ. ಅಷ್ಟಕ್ಕೇ ಉಸಿರು ಹೋಗುತ್ತೆ ಕಣಮ್ಮ."

"ಶುಕ್ರವಾರದ ದೃಶ್ಯಕ್ಕೆ?"

"ನಲವತ್ತು."

"ನೀವಿಬ್ಬರು ಮುದುಕರು?"

ಅವಳು ಗಂಡನಿಗೆ ಹೇಳಿದಳು: "ಒಲ್ಲೆ ಅನ್ರೀ. ಇಲ್ಲದೇ ಇರೋ ಕೆಲಸ, ಬಿಟ್ಟರೇನು ನಷ್ಟ?"

"ಅವನ ಕೊನೇ ಹಾರಾಟ ಕಣೇ" ಎಂದ ಅಳಿಯ. "ಮೊದಲನೇದ್ರಿಂದ ಅವನ ಏಟೆಲ್ಲ ನಾನೇ ತಿಂದಿದೀನಿ. ಕೊನೇದನ್ನ ಇನ್ಯಾವನಿಗೋ ಬಿಟ್ಟುಕೊಡಲ್ಲ."

ನಾನು ಮ್ಯಾನೇಜರ್ ಹತ್ತಿರ ಮತ್ತೆ ಹೋದೆ. ಒಂಬತ್ತು ಕೆಜಿ ಎಂದರು. ಡೈರೆಕ್ಟರ್ ಹತ್ತಿರ ಹೋದೆ. "ನಾನು ಕಲೆ ನೋಡ್ಕೋತೀನಿ, ತೂಕ ಮ್ಯಾನೇಜರ್ ನೋಡ್ಕೋತಾರೆ" ಎಂದರು. ಆಮೇಲೆ ದೇವರ ಹತ್ತಿರ ಹೋದೆ. ನನ್ನ ನಾಲಿಗೆಯಿಂದ ಬಂದ ಕೇಡನ್ನು ನನ್ನ ತೋಳಿನಿಂದ ತೀರಿಸಿಕೋ ಎಂದು ಬೇಡಿದೆ.

ಶುಕ್ರವಾರ ಬಯಲಿನಲ್ಲಿ ಸೆಟ್ ಹಾಕಿದ್ದರು. ಮುಗಿಲವೀರನ ಅಂತ್ಯಯಾತ್ರೆ. ಮುನ್ನೂರು ಜನ ಅಳುತ್ತಿರುವಾಗ ಅವರ ನಡುವಿನಿಂದ ಖಾಲಿ ಉಡುಪು ತಾನಾಗಿ ಎದ್ದು ಆಕಾಶ ಸೇರಬೇಕು. ಅಳುವುದಕ್ಕೆ ಗೇಟಿಗೆ ಬಂದವರನ್ನೆಲ್ಲ ದಿನಗೂಲಿಗೆ ತೆಗೆದುಕೊಂಡಿದ್ದರು. ನೋಡಿದರೆ ಮುಂದಿನ ಸಾಲಿನಲ್ಲೇ ನಮ್ಮ ಆರು ಜನ ನಿಂತಿದ್ದಾರೆ!

"ಅವನು ಸತ್ತಾಗ ಬಿಟ್ಟಿ ಅತ್ತೆವು ದೊಡ್ಡಪ್ಪ, ಈಗ ಕೂಲಿಗೆ" ಎಂದ ಕುಳ್ಳ. ಕಣ್ಣು ಕೆಂಪಾಗಿತ್ತು. "ಅದೂ ಸರಿಯಿಲ್ವಂತೆ. ಡೈರೆಕ್ಟರ್ ಬಂದು ನೋಡಿ, ನಿನ್ನ ಅಳು ನಂಬೋ ಹಾಗಿಲ್ಲ ಅಂತ ಕಣ್ಣಿಗೆ ಗ್ಲಿಸರಿನ್ ಹಾಕಿಸಿದ್ರು."

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ" ಎಂದ ಉದ್ದಣ್ಣ ಮಂಡಿ ನೀವಿಕೊಳ್ಳುತ್ತ. "ಇವರು ಕರೆದೇ ಬಿಟ್ರು ನೋಡು."

ಶುರು ಎಂದರು. ಮುನ್ನೂರು ಜನ ಗೋಳಿಟ್ಟರು. ನಾನೂ ಉದ್ದಣ್ಣನೂ ಹಗ್ಗ ಹಿಡಿದು ದೇವರನ್ನು ನೆನೆದು ಎಳೆದೆವು. ಐದು ಅಡಿ, ಹತ್ತು ಅಡಿ. ಅಳಿಯ ತೋಳು ಚಾಚಿ ಏರುತ್ತಿದ್ದ. ಹದಿನೈದು. ಕಣ್ಣಿಗೆ ಕತ್ತಲೆ ಬಂತು. ಇಪ್ಪತ್ತು ದಾಟಿತು. ಉದ್ದಣ್ಣನ ಮಂಡಿ ಮಡಚಿತು. ಹಗ್ಗ ನನ್ನ ಅಂಗೈಯ ಚರ್ಮವನ್ನು ತೆಗೆದುಕೊಂಡು ಮೇಲಕ್ಕೆ ಓಡತೊಡಗಿತು.

"ಹಿಡ್ಕೊಳ್ರೋ!" ಎಂದು ಕೂಗಿದೆ. ಯಾರಿಗೆ ಕೂಗಿದೆನೋ ನನಗೇ ಗೊತ್ತಿಲ್ಲ. ಹನ್ನೊಂದು ವರ್ಷದ ರೂಢಿ.

ಮುಂದಿನ ಸಾಲಿನ ಆರು ಜನ ಅಳುವುದನ್ನು ಅಲ್ಲೇ ಬಿಟ್ಟು ಪರದೆ ಹರಿದುಕೊಂಡು ಬಂದರು. ಹನ್ನೆರಡು ಕೈ ಹಗ್ಗದ ಮೇಲೆ ಬಿದ್ದವು. ಹಗ್ಗ ಕಿರ್ರೆಂದು ನಿಂತಿತು. ಪರದೆ ಬಿದ್ದುಹೋಗಿತ್ತು. ನೆಲದಿಂದ ಆಳೆತ್ತರದಲ್ಲಿ ಅಳಿಯ ಗಡಿಯಾರದ ಲೋಲಕದಂತೆ ತೂಗುತ್ತಿದ್ದ.

ಮ್ಯಾನೇಜರ್ ಪುಸ್ತಕ ಹಿಡಿದು ಓಡಿ ಬಂದರು. "ಯಾರು ನೀವು? ಪಟ್ಟಿಯಲ್ಲಿ ಇಲ್ಲದವರು ಹಗ್ಗ ಮುಟ್ಟಬಾರದು! ಬಿಡ್ರೀ ಹಗ್ಗ!"

"ಬಿಡ್ತೀವಿ" ಎಂದ ಕುಳ್ಳ, ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು. "ಅದಕ್ಕೆ ಮುಂಚೆ ಮೇಲೆ ಯಾರಿದ್ದಾರೆ ಹೇಳಿ ಸ್ವಾಮಿ."

ಗೋಳು ನಿಂತಿತ್ತು. ಮುನ್ನೂರು ಜನ ನೋಡುತ್ತಿದ್ದರು.

"ಯಾರೂ ಇಲ್ಲ" ಎಂದರು ಮ್ಯಾನೇಜರ್.

"ಸ್ವಾಮಿ, ನಾನಿದೀನಿ" ಎಂದ ಅಳಿಯ ಮೇಲಿನಿಂದ.

"ನೀನು ಸುಮ್ನಿರಯ್ಯ!" ಎಂದು ಮ್ಯಾನೇಜರ್ ತಲೆಯೆತ್ತಿ ಗದರಿದರು.

ಅಳುವವರ ನಡುವೆ ಯಾರೋ ಹೆಂಗಸು ಕಿಸಕ್ಕೆಂದಳು. ಗ್ಲಿಸರಿನ್ ಸುರಿಯುವ ಕಣ್ಣುಗಳಿಂದಲೇ ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಮೆರಾದವನೂ ನಕ್ಕ. ಊಟ ಬಡಿಸುವವನು ಸೌಟು ಕೆಳಗಿಟ್ಟು ನಕ್ಕ.

ಮಗಳು ನಗಲಿಲ್ಲ. ಬೆಳಿಗ್ಗೆ ಉಡುಪು ತೂಗಿದ ಯಂತ್ರವನ್ನು ದರದರ ಎಳೆದು ತಂದು ಗಂಡನ ಕಾಲಿನ ಕೆಳಗೆ ಸರಿಯಾಗಿ ಇಟ್ಟಳು. "ಅಪ್ಪಾ, ಇಳಿಸಿ" ಎಂದಳು.

ಅಂಗುಲ ಅಂಗುಲವಾಗಿ ಇಳಿಸಿದೆವು. ಅವನ ಎರಡು ಪಾದ ತಟ್ಟೆಯ ಮೇಲೆ ಕೂತವು. ಹಗ್ಗ ಸಡಿಲವಾಯಿತು. ಮುಳ್ಳು ತೊಂಬತ್ತೊಂದಕ್ಕೆ ಹೋಗಿ ನಿಂತಿತು.

"ಬರೀರಿ" ಎಂದಳು.

ಮ್ಯಾನೇಜರ್ ಬಗ್ಗಿ ನೋಡಿದರು. "ಯಂತ್ರ ಕೆಟ್ಟಿದೆ" ಎಂದರು.

"ಹಾಗಾದ್ರೆ ನೀವು ಹತ್ತಿ. ಒಂಬತ್ತು ಬರುತ್ತಾ ನೋಡೋಣ."

ಅವರು ಹತ್ತಲಿಲ್ಲ. ಅಳಿಯ ಮುಸುಕು ತೆಗೆದ. ಬೆವರಿನ ಮುಖ, ಕಚ್ಚಿಕೊಂಡ ತುಟಿಯಲ್ಲಿ ರಕ್ತ. ಪ್ರತಿಜ್ಞೆಯೊಳಗಿನಿಂದ ಒಬ್ಬ ಮನುಷ್ಯ ಹೊರಗೆ ಬಂದದ್ದನ್ನು ಮುನ್ನೂರು ಜನ ಕಂಡರು. ಉದ್ದಣ್ಣ ಎದ್ದು ನಿಲ್ಲಲಾರದೆ ಹಗ್ಗದ ಸುರುಳಿಯ ಮೇಲೆ ಕುಳಿತ. ಅವನ ಪಕ್ಕದಲ್ಲಿ ನಾನು ಕುಳಿತೆ, ಆರು ಜನ ಕುಳಿತರು. ಅವರನ್ನು ನೋಡಿ ಅಳುವವರ ಮೊದಲ ಸಾಲು ಕುಳಿತಿತು, ಆಮೇಲೆ ಎರಡನೆಯದು. ಕೊನೆಗೆ ಔಷಧಿಯ ಕೋಣೆಯ ಹುಡುಗಿ ಡಬ್ಬಿ ಹಿಡಿದು ಬಂದಳು. ಹೆಸರಿನ ಪಟ್ಟಿ ಕೇಳದೆ ಅಳಿಯನ ಪಕ್ಕೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು.

"ಎಂಟು ಜನ, ಮೇಲೆ ಒಬ್ಬ. ಒಂಬತ್ತು ಅಂತ ಬರ್ಕೊಳಿ, ನಿಮಗೆ ಇಷ್ಟವಾದ ಸಂಖ್ಯೆನೇ" ಎಂದ ಕುಳ್ಳ.

"ಮೇಲಿನವರನ್ನ ಕೇಳಬೇಕು" ಎಂದರು ಮ್ಯಾನೇಜರ್.

"ಕೇಳಿ. ನಾವು ಕೂತಿರ್ತೀವಿ."

ಬಿಸಿಲು ಏರಿತು. ಮ್ಯಾನೇಜರ್ ಪುಸ್ತಕವನ್ನು ತೆರೆದೇ ಹಿಡಿದಿದ್ದರು. ಲೇಖನಿ ಅದರ ಮೇಲೆ ನಿಂತಿತ್ತು, ಇಳಿದಿರಲಿಲ್ಲ. ನಾವೂ ಏಳಲಿಲ್ಲ. ಎಂಟು ಜನ ಹಗ್ಗದ ಮೇಲೆ ಕೈಯಿಟ್ಟುಕೊಂಡು, ನಾಯಕ ತೀರಿಕೊಂಡ ದಿನ ಕೂತಿದ್ದ ಹಾಗೆಯೇ ಕೂತಿದ್ದೆವು. ನನ್ನ ಅಂಗೈ ಉರಿಯುತ್ತಿತ್ತು. ಸಭೆಯಲ್ಲಿ ಎಲ್ಲರೂ ಕೇಳುವಂತೆ ಒಮ್ಮೆ ತಪ್ಪು ಮಾತಾಡಿದ್ದೆ. ಆದ್ದರಿಂದ ಸರಿಯಾದ ಮಾತನ್ನೂ ಎಲ್ಲರೂ ಕೇಳುವಂತೆಯೇ ಆಡಬೇಕೆನಿಸಿತು. ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸಿದೆ. ಮುನ್ನೂರು ಜನ, ಈ ಸಲ ಯಾರೂ ಹೇಳದೆ, ತಲೆ ತಗ್ಗಿಸಿದರು.

ದೇವರೇ, ನಮ್ಮ ಕೈ ಮುಟ್ಟಿ ಹೋಗುತ್ತಿದ್ದ ಆ ಮಗುವಿಗೆ ಶಾಂತಿ ಕೊಡು. ಅವನು ಬಹಳ ನೋವು ಹೊತ್ತು ಬಹಳ ಹಗುರವಾಗಿ ಹೋದ. ಸತ್ತ ಮೇಲೂ ಅವನನ್ನು ದುಡಿಸುತ್ತಿರುವವರ ಕೈಯಿಂದ ಅವನನ್ನು ಬಿಡಿಸು. ಅವನಲ್ಲಿ ಭಾರವಿರಲಿಲ್ಲ ಎಂದ ನನ್ನ ನಾಲಿಗೆಯನ್ನು ಕ್ಷಮಿಸು. ಯಾವ ಮನುಷ್ಯನೂ ಅಷ್ಟು ಹಗುರವಲ್ಲ ತಂದೆ. ಅವನನ್ನು ನಿನ್ನ ಬಳಿಗೆ ಎತ್ತಿಕೊಳ್ಳುವಾಗ ಇಬ್ಬರನ್ನು ಕಳಿಸಬೇಡ. ಎಂಟು ಜನರನ್ನು ಕಳಿಸು. ಮೆಲ್ಲಗೆ ಎಳೆಯಲು ಹೇಳು.